ಹಾಜರಿ ಇಪ್ಪತ್ತು

ಅರಸೀಕೆರೆಯಲ್ಲಿ ಚನ್ನೇಶನ ಹೆಸರು ಗೊತ್ತಿಲ್ಲದವರು ಕಡಿಮೆ, ಮುಖ ಗೊತ್ತಿರುವವರು ಇನ್ನೂ ಕಡಿಮೆ. ಬಸ್ ನಿಲ್ದಾಣದಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಬಂದವರು ಫೋನನ್ನು ಗಾಜಿನ ಮೇಲಿಟ್ಟು ಅದನ್ನೇ ನೋಡುತ್ತ ಅದರ ಕಷ್ಟ ಹೇಳುತ್ತಾರೆ. ರಿಪೇರಿ ಆಗುವಷ್ಟು ಹೊತ್ತೂ ಅವನ ಕೈ ನೋಡುತ್ತಾರೆ. ಸರಿಹೋದ ಮೇಲೆ ಮತ್ತೆ ಫೋನನ್ನೇ ನೋಡುತ್ತ ಹೊರಟುಹೋಗುತ್ತಾರೆ. ಹದಿನಾಲ್ಕು ವರ್ಷದಿಂದ ಹೀಗೇ. ಒಂದು ದಿನ ಅವನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರೆ ಊರಿಗೆ ಅದು ತಿಳಿಯುವುದು ಅನುಮಾನ.

ಮನೆಯಲ್ಲಿ ಜನಕ್ಕೇನೂ ಬರವಿಲ್ಲ. ಅಪ್ಪ ಷಡಕ್ಷರಪ್ಪನವರು, ಅವ್ವ, ಅಣ್ಣ, ಅತ್ತಿಗೆ, ಅವರ ಮೂವರು ಮಕ್ಕಳು, ವಾರಕ್ಕೊಬ್ಬರಾದರೂ ನೆಂಟರು. ಮೂರು ತಲೆಮಾರಿನಿಂದ ಕೊಬ್ಬರಿ ವ್ಯಾಪಾರದ ಮನೆ. ಊಟಕ್ಕೆ ಕೂತರೂ ಕೊಬ್ಬರಿಯ ಮಾತು, ಎದ್ದರೂ ಕೊಬ್ಬರಿಯ ಮಾತು. ಮಠಕ್ಕೆ ಪಾದಪೂಜೆಗೆ ಹೋದಾಗಲೂ ಹಿಂದಿನ ಸಾಲಿನಲ್ಲಿ ಅದೇ ಪಿಸುಮಾತು. ಕೊಬ್ಬರಿಯ ಗಂಧಗಾಳಿಯಿಲ್ಲದ ಚನ್ನೇಶ ತಟ್ಟೆ ಖಾಲಿ ಮಾಡಿ ಎದ್ದುಹೋಗುತ್ತಿದ್ದ. ಅವನಿಗೆಂದು ನೋಡಿದ ಹೆಣ್ಣುಗಳು ಒಂದೂ ಕೂಡಿಬರಲಿಲ್ಲ. ಮೂವತ್ತೊಂಬತ್ತು ತುಂಬಿದ ಮೇಲೆ ಮನೆಯವರು ಆ ಮಾತೆತ್ತುವುದನ್ನೂ ಬಿಟ್ಟರು. ಅವನನ್ನು ಯಾರೂ ಬೈಯುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಬೈಸಿಕೊಳ್ಳುವವನಿಗಾದರೂ ಮನೆಯಲ್ಲಿ ಒಂದು ಸ್ಥಾನ ಇರುತ್ತದೆ. ಇವನಿಗೆ ಅದೂ ಇರಲಿಲ್ಲ.

ಇಂಥವನನ್ನು ಒಂದು ಕಾಲಕ್ಕೆ ನೂರನಲವತ್ತು ಜನ ಕಾದು ಕೂತು ಕರೆಯುತ್ತಿದ್ದರು ಎಂದರೆ ಷಡಕ್ಷರಪ್ಪನವರು ನಂಬುತ್ತಿರಲಿಲ್ಲ. ನಂಬಿಸಲು ಚನ್ನೇಶ ಹೋಗಲೂ ಇಲ್ಲ.

ಕೊರೋನಾ ಬಂದು ಅಂಗಡಿ ಮುಚ್ಚಿದ ವರ್ಷ ಅವನು ಫೋನಿನಲ್ಲಿ ‘ಏಳು ಕೋಟೆ’ ಎಂಬ ಆಟಕ್ಕೆ ಸೇರಿದ. ನಾನಾ ಊರಿನವರು ಅವರವರ ಮನೆಯಲ್ಲೇ ಕೂತು ಒಟ್ಟಿಗೆ ಆಡುವ ಆಟ ಅದು. ಒಬ್ಬೊಬ್ಬರಿಗೆ ಒಂದೊಂದು ಗೊಂಬೆ. ಗೊಂಬೆ ಓಡುತ್ತದೆ, ಹೊಲ ಉಳುತ್ತದೆ, ಕೋಟೆ ಹತ್ತುತ್ತದೆ, ಪಕ್ಕದ ಗೊಂಬೆಯ ಜೊತೆ ಹರಟೆ ಹೊಡೆಯುತ್ತದೆ. ಅದರ ಹಿಂದೆ ಯಾರಿದ್ದಾರೆ ಎಂಬುದು ಅವರಾಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಟದೊಳಗೆ ಭಾಷೆಗೊಂದು ಅಂಗಳ, ಕನ್ನಡಕ್ಕೂ ಒಂದು. ಪ್ರತಿ ಅಂಗಳಕ್ಕೂ ಆಡುವವರಲ್ಲೇ ಒಬ್ಬರನ್ನು ಆರಿಸಿ ಕಂಪನಿಯವರು ಈವೆಂಟ್ ಸ್ಟಾಫ್ ಮಾಡುತ್ತಾರೆ. ವಾರಕ್ಕೊಂದು ಕಾರ್ಯಕ್ರಮ ನಡೆಸುವುದು ಅವರ ಕೆಲಸ. ಸಂಬಳವಿಲ್ಲ. ಗೊಂಬೆಗೊಂದು ಹಸಿರು ಪೇಟ, ‘ಸೂತ್ರಧಾರ’ ಎಂಬ ಹೆಸರು, ಅಷ್ಟೇ. ಕನ್ನಡ ಅಂಗಳದ ಹಸಿರು ಪೇಟ ಬಂದದ್ದು ಚನ್ನೇಶನ ತಲೆಗೆ.

ಪೇಟದ ಜೊತೆ ಕಟ್ಟಳೆಗಳೂ ಬಂದವು. ಸೂತ್ರಧಾರ ತಾನು ನಡೆಸುವ ಪಂದ್ಯದಲ್ಲಿ ತಾನು ಆಡಬಾರದು. ಹೆಸರು, ಊರು ಹೇಳಬಾರದು, ಆಟಗಾರರನ್ನು ಹೊರಗೆ ಭೇಟಿಯಾಗಬಾರದು. ಯಾರಾದರೂ ಒಬ್ಬರೇ ಹಲವು ಖಾತೆ ಇಟ್ಟುಕೊಂಡು ಆಡುವುದು ಕಂಡರೆ ಕೂಡಲೇ ಕಂಪನಿಗೆ ತಿಳಿಸಬೇಕು. ಮದುವೆಯ ಮನೆಯಲ್ಲಿ ಬಡಿಸುವವನಿಗೆ ಊಟವಿಲ್ಲ ಎಂಬಂಥ ಕೆಲಸ. ಆದರೂ ಅವನು ಅದನ್ನು ಎಷ್ಟು ಪ್ರೀತಿಯಿಂದ ಮಾಡಿದ ಅಂತೀರಿ. ಅರ್ಧ ಗಾದೆ ಹೇಳಿ ಉಳಿದರ್ಧ ಕೇಳಿದ. ಕೋಟೆಯ ಸುತ್ತ ಎತ್ತಿನ ಗಾಡಿಯ ಓಟ ಏರ್ಪಡಿಸಿದ. ಒಬ್ಬರ ಮುಖ ಒಬ್ಬರು ನೋಡಿರದ ಇಬ್ಬರ ಗೊಂಬೆಗಳಿಗೆ ಓಲಗ ಊದಿಸಿ ಮದುವೆಯನ್ನೂ ಮಾಡಿಸಿದ. ಸೋತವರು ಮೋಸ ಎಂದು ಬೈದರು, ಗೆದ್ದವರು ಬಹುಮಾನ ಸಾಲದು ಎಂದು ಬೈದರು. ಬೈಗುಳವೂ ಅವನಿಗೆ ಹಿತವಾಗಿತ್ತು.

ಭಾನುವಾರ ನಾಲ್ಕು ಗಂಟೆಗೆ ಕಾರ್ಯಕ್ರಮ. ಮೊದಲು ಹಾಜರಿ. ಸೂತ್ರಧಾರ ಕಟ್ಟೆ ಹತ್ತಿ ‘ಯಾರ್ಯಾರು ಇದ್ದೀರಿ?’ ಎಂದು ಕೇಳಬೇಕು. ಐದು ನಿಮಿಷದೊಳಗೆ ಪ್ರತಿಯೊಬ್ಬರೂ ‘ಇದ್ದೀನಿ’ ಎಂದು ಬರೆಯಬೇಕು. ಹಾಗೆ ಬರೆದವರಷ್ಟೇ ಲೆಕ್ಕಕ್ಕೆ. ಇಪ್ಪತ್ತು ‘ಇದ್ದೀನಿ’ ಬಿದ್ದರೆ ಹಸಿರು ದೀಪ ಹೊತ್ತಿ ಸಭೆ ಶುರು. ಇಪ್ಪತ್ತಕ್ಕಿಂತ ಕಡಿಮೆಯಾದರೆ ಆ ವಾರ ಇಲ್ಲ. ಸತತ ಮೂರು ವಾರ ಹಾಗಾದರೆ ಅಂಗಳಕ್ಕೆ ಬೀಗ.

ನೂರನಲವತ್ತು ಜನವಿದ್ದಾಗ ಈ ಕಟ್ಟಳೆ ಯಾರಿಗೂ ನೆನಪಿರಲಿಲ್ಲ. ಕೊರೋನಾ ಹೋಯಿತು, ಜನ ಅವರವರ ಬದುಕಿಗೆ ಹೋದರು. ನೂರು ಎಪ್ಪತ್ತಾಯಿತು, ಎಪ್ಪತ್ತು ಮೂವತ್ತಾಯಿತು. ಎರಡು ವರ್ಷದ ಹಿಂದಿನ ಒಂದು ಭಾನುವಾರ ಹಾಜರಿ ಹತ್ತೊಂಬತ್ತಕ್ಕೆ ನಿಂತಿತು. ಇನ್ನೊಂದು ನಿಮಿಷ ಉಳಿದಿತ್ತು. ಅಂಗಡಿಯ ಡ್ರಾಯರಿನಲ್ಲಿ ಬಿಡಿಭಾಗಕ್ಕೆಂದು ಕೊಂಡಿಟ್ಟ ಹಳೆಯ ಫೋನುಗಳಿದ್ದವು. ಒಂದಕ್ಕೆ ಜೀವ ತುಂಬಿ ಅವನು ಮೊದಲೇ ಆಟ ಹಾಕಿ ಪರೀಕ್ಷೆ ಮಾಡಿದ್ದ. ಅದನ್ನು ಎತ್ತಿಕೊಂಡು, ‘ಇದ್ದೀನಿ’ ಎಂದು ಬರೆದ. ಹಸಿರು ದೀಪ ಹೊತ್ತಿತು. ಒಂದೇ ಒಂದು ತಾನೇ ಎಂದುಕೊಂಡ.

ಒಂದು ಎರಡಾಗುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ವರ್ಷ ಕಳೆಯುವುದರೊಳಗೆ ಅವನ ಮೇಜಿನ ಮೇಲೆ ಹನ್ನೊಂದು ಫೋನು, ಹನ್ನೊಂದು ಗೊಂಬೆ. ಅಂಗಳದಲ್ಲಿ ಉಳಿದ ನಿಜವಾದ ಆಟಗಾರರು ಹತ್ತೇ ಜನ. ಆ ಹತ್ತೂ ಮಂದಿ ಮಳೆಯಿರಲಿ ಹಬ್ಬವಿರಲಿ ನಾಲ್ಕಕ್ಕೆ ಸರಿಯಾಗಿ ಬರುತ್ತಿದ್ದರು. ಅವರಿಗಾಗಿಯಾದರೂ ಅಂಗಳ ಉಳಿಯಬೇಕು, ಇದು ಸುಳ್ಳಲ್ಲ, ಸೇವೆ ಎಂದು ಚನ್ನೇಶ ತನಗೆ ತಾನೇ ಹೇಳಿಕೊಂಡ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಹನ್ನೊಂದಕ್ಕೂ ಬೇರೆಬೇರೆ ಮಾತಿನ ಧಾಟಿ ಕಲಿಸಿದ. ಒಬ್ಬಳು ಎಲ್ಲದಕ್ಕೂ ಗೊಣಗುವ ಹೆಂಗಸು, ಒಬ್ಬರು ರಿಟೈರಾದ ಮೇಷ್ಟ್ರು. ಇನ್ನೊಬ್ಬ ಜಗ್ಗ, ಜಾವಗಲ್ಲಿನ ಹುಡುಗ. ಕಾಗುಣಿತ ತಪ್ಪು, ಪ್ರಶ್ನೆ ಜಾಸ್ತಿ.

ಹತ್ತು ಜನರಲ್ಲಿ ಮಾತಿನಮಲ್ಲಿ ಎಂದರೆ ‘ಗಟ್ಟಿಮೊಸರು’ ಎಂಬ ಹೆಸರಿನ ಆಟಗಾರ್ತಿ. ಉಳಿದ ಒಂಬತ್ತು ಗೊಂಬೆಗಳು ಹಾಜರಿ ಹೇಳಿ ಮೆಲ್ಲಗೆ ಓಡಾಡುತ್ತಿದ್ದವು, ಗೆಲ್ಲಲು ಹೋಗುತ್ತಿರಲಿಲ್ಲ. ಗಟ್ಟಿಮೊಸರಿಗೆ ಜಗ್ಗನನ್ನು ಕಂಡರೆ ಅದೇನೋ ಅಕ್ಕರೆ. ಯಾವ ಬಾವಿಯಲ್ಲಿ ನೀರು ಸಿಗುತ್ತದೆ, ಯಾವ ಕೋಟೆಗೆ ಹಿಂಬಾಗಿಲಿದೆ ಎಂದೆಲ್ಲ ಹೇಳಿಕೊಡುವಳು. ಬಂದ ಕೂಡಲೇ ‘ಊಟ ಆಯ್ತೇನೋ ಜಗ್ಗ?’ ಎಂದು ಕೇಳುವಳು. ಚನ್ನೇಶನ ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ, ಆದ್ದರಿಂದ ಊಟವಾಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. ಅವನು ಮೊದಮೊದಲು ಆಯ್ತು ಅಕ್ಕ ಎಂದಷ್ಟೇ ಬರೆಯುತ್ತಿದ್ದ. ಆಮೇಲೆ ಏನು ಸಾರು ಎಂದೂ ಬರೆದ. ಒಂದು ದಿನ, ಮನೆ ತುಂಬ ಜನ ಇದ್ದರೂ ನನ್ನನ್ನು ಯಾರೂ ಮಾತಾಡಿಸುವುದಿಲ್ಲ ಅಕ್ಕ ಎಂದು ಜಗ್ಗನ ಕೈಯಲ್ಲಿ ಬರೆಸಿ, ಬರೆದದ್ದು ನೋಡಿ ತಾನೇ ಬೆಚ್ಚಿಬಿದ್ದ. ಸುಳ್ಳು ಗೊಂಬೆಯ ಬಾಯಲ್ಲಿ ಅವನ ಜೀವಮಾನದ ನಿಜ ಬಂದುಬಿಟ್ಟಿತ್ತು. ಅಂದಿನಿಂದ ಭಾನುವಾರ ಬಂತೆಂದರೆ ಅವನಿಗೆ ಬೇಕಾದದ್ದು ಹಸಿರು ಪೇಟವಲ್ಲ, ಆ ಊಟದ ಪ್ರಶ್ನೆ.

ಕಳೆದ ಕಾರ್ತಿಕದ ಒಂದು ಭಾನುವಾರ ಗಾದೆಯ ಪಂದ್ಯ ನಡೆಯುತ್ತಿದ್ದಾಗ ಅಂಗಳದಿಂದ ಹತ್ತು ಗೊಂಬೆಗಳು ಒಂದೇ ಕ್ಷಣಕ್ಕೆ ಮಾಯವಾದವು. ಹನ್ನೊಂದು ನಿಮಿಷ ಬಿಟ್ಟು ಹತ್ತೂ ಒಟ್ಟಿಗೆ ಬಂದವು. ‘ಕ್ಷಮಿಸಿ ಸರ್, ನಮ್ಮೂರು ಹಗರೇಲಿ ಕರೆಂಟ್ ಹೋಗಿ ವೈಫೈ ನಿಂತಿತ್ತು’ ಎಂದು ಗಟ್ಟಿಮೊಸರು ಬರೆಯಿತು. ಮಿಕ್ಕ ಒಂಬತ್ತಕ್ಕೆ ಏನಾಗಿತ್ತೆಂದು ಯಾರೂ ಬರೆಯಲಿಲ್ಲ. ಚನ್ನೇಶ ಸ್ಟಾಫಿಗೆ ಮಾತ್ರ ಕಾಣುವ ಪಟ್ಟಿ ತೆರೆದು ನೋಡಿದ. ಹತ್ತೂ ಖಾತೆ ಒಂದೇ ವೈಫೈಯಿಂದ ಬರುತ್ತಿದ್ದವು.

ಮೊದಲು ಬಂದದ್ದು ಸಿಟ್ಟು. ತನ್ನ ಮೇಜಿನ ಮೇಲೆ ಹನ್ನೊಂದು ಫೋನು ಸಾಲಾಗಿಟ್ಟುಕೊಂಡು, ಎಂಥಾ ಮೋಸಗಾರರಿದ್ದಾರೆ ಈ ಲೋಕದಲ್ಲಿ ಎಂದು ಸಿಟ್ಟುಮಾಡಿದ ಮಹಾನುಭಾವ. ಸಿಟ್ಟು ಇಳಿದ ಮೇಲೆ ಎದೆ ಖಾಲಿಯಾಯಿತು. ಇಪ್ಪತ್ತೊಂದು ಜನರ ಅಂಗಳದಲ್ಲಿ ಇದ್ದದ್ದು ಇಬ್ಬರು. ಒಬ್ಬ ತಾನು, ಇನ್ನೊಬ್ಬಳು ಆಕೆ.

ನಿಯಮದಂತೆ ಕಂಪನಿಗೆ ಬರೆದರೆ ಅಂಗಳಕ್ಕೆ ಬೀಗ, ಭಾನುವಾರಕ್ಕೂ ಬೀಗ. ಬರೆಯಲಿಲ್ಲ. ಎರಡು ದಿನ ಯೋಚಿಸಿದ ಮೇಲೆ ಅವನಿಗೆ ಬೇರೆಯೇ ಒಂದು ಆಸೆ ಹುಟ್ಟಿತು. ಹೋಗಿ ಎದುರು ನಿಂತು, ನಿಮ್ಮ ಹತ್ತು ಸುಳ್ಳು, ನನ್ನ ಹನ್ನೊಂದೂ ಸುಳ್ಳು, ಜಗ್ಗ ನಾನೇ ಎಂದುಬಿಡಬೇಕು. ಅಂಗಳ ಹೋದರೆ ಹೋಗಲಿ. ನಿಜವಾದ ಮನುಷ್ಯರೊಬ್ಬರು ಪರಿಚಯವಾದರೆ ಸಾಕು. ಭೇಟಿಯಾಗಬಾರದು ಎಂಬ ಕಟ್ಟಳೆಯನ್ನು ಬದಿಗಿಟ್ಟು ಬುಧವಾರ ಅಂಗಡಿಗೆ ಬಾಗಿಲು ಹಾಕಿ ಹೊರಟ.

ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಬಸ್ಸು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ತನ್ನ ಜಗ್ಗ ಇಲ್ಲಿಯವನಲ್ಲವೇ ಎಂದು ಕಿಟಕಿಯಿಂದ ಬಗ್ಗಿ ನೋಡಿದ, ತನ್ನ ಹುಚ್ಚಿಗೆ ತಾನೇ ನಕ್ಕ. ಹಳೇಬೀಡಿನಲ್ಲಿ ದೇವಸ್ಥಾನ ನೋಡಲು ಬಂದ ಶಾಲೆ ಮಕ್ಕಳ ಗದ್ದಲದ ನಡುವೆ ಇಳಿದು, ಹಾಸನದ ಬಸ್ಸು ಹತ್ತಿ, ಮೂರು ಗಂಟೆಯ ಹೊತ್ತಿಗೆ ಹಗರೆ ಸೇರಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ. ಆಟದಲ್ಲಿ ಆಕೆ ಹಾಲಿನ ಡೇರಿಯ ಮಾತು ಎಷ್ಟೋ ಸಲ ಆಡಿದ್ದಳು. ಡೇರಿ ಎಲ್ಲಿ ಎಂದು ಕೇಳಿದ್ದಕ್ಕೆ ಟೀ ಅಂಗಡಿಯವರು ಕೈ ತೋರಿಸಿದರು.

ಡೇರಿಯಲ್ಲಿ ಹಾಲು ಅಳೆದು ಫ್ಯಾಟ್ ನೋಡುವ ಕೆಲಸದವಳು ನಂದಿತಾ, ಮೂವತ್ತಾರರ ಹೆಂಗಸು. ಸಂಜೆಯ ಹಾಲಿಗೆ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದಳು. ಚನ್ನೇಶ ತಡವರಿಸುತ್ತ, ಗಟ್ಟಿಮೊಸರು ನೀವೇನಾ, ನಾನು ಸೂತ್ರಧಾರ ಎಂದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಮುಖ ನೋಡಿದಳು. ಯಾರೋ ವಯಸ್ಸಾದ ಮೇಷ್ಟ್ರು ಅಂದುಕೊಂಡಿದ್ದೆ ಎಂದಳು. ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ಅವನು ಬಾಯಿ ತೆರೆಯುವ ಮೊದಲೇ ತಪ್ಪೊಪ್ಪಿಕೊಂಡಳು.

ಕೊರೋನಾ ಕಾಲದಲ್ಲಿ ವೈಫೈ ಇದ್ದದ್ದು ಡೇರಿಯಲ್ಲಿ ಮಾತ್ರ. ಊರಿನ ಒಂಬತ್ತು ಮಂದಿ ಹುಡುಗರು, ಹುಡುಗಿಯರು ಡೇರಿಯ ಮೆಟ್ಟಿಲ ಮೇಲೆ ದೂರದೂರ ಕೂತು ಆಡುತ್ತಿದ್ದರು. ಇವಳಿಗೂ ಅವರೇ ಕಲಿಸಿದ್ದು. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಒಬ್ಬಳಿಗೆ ಮದುವೆಯಾಯಿತು, ಒಬ್ಬ ಲಾರಿ ಹತ್ತಿದ, ಒಬ್ಬನಿಗೆ ಪೊಲೀಸ್ ಕೆಲಸ ಸಿಕ್ಕಿತು. ಬಿಡುವವರು ತಮ್ಮ ಗೊಂಬೆಯನ್ನು ಅಳಿಸುವುದಿಲ್ಲ, ಜೊತೆಯವರ ಕೈಗೆ ಕೊಟ್ಟು ಹೋಗುತ್ತಾರೆ. ಅದು ಆಟದವರಲ್ಲಿ ನಡೆದುಬಂದ ಪದ್ಧತಿ. ಒಂಬತ್ತೂ ಬಂದು ಸೇರಿದ್ದು ಇವಳ ಕೈಗೆ. ಡೇರಿ ಕಂಪ್ಯೂಟರಿನಲ್ಲಿ ನಾಲ್ಕು, ಮನೆಯಿಂದ ತಂದ ಹಳೆಯ ಫೋನುಗಳಲ್ಲಿ ಐದು. ನೋಡ್ಕೋ ಅಕ್ಕ ಎಂದು ಹೇಳಿ ಹೋದ ಮಕ್ಕಳ ಗೊಂಬೆಗಳನ್ನು ಕತ್ತಲಲ್ಲಿ ಬಿಡುವುದು ಹೇಗೆ ಎಂದು ವಾರ ವಾರ ಹಾಜರಿ ಹಾಕಿಸುತ್ತಿದ್ದಳು.

“ಬೈಯಕ್ಕೆ ಬಂದ್ರೇನೋ. ಬೈರಿ, ತಪ್ಪು ನಂದೇ ಐತೆ” ಎಂದಳು.

ಚನ್ನೇಶ ಬೈಯಲು ಬಂದಿಲ್ಲವೆಂದ. ಹೇಳಬೇಕಾದ ಮಾತಿಗೆ ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಕಾಫಿ ಲೋಟ ಕೆಳಗಿಟ್ಟ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

“ನಾನೂ ಹೋದ ವರ್ಷಾನೇ ಬಿಡನ ಅಂತಿದ್ದೆ ಸರ್. ಭಾನುವಾರ ಒಂದ್ ಮಧ್ಯಾಹ್ನ ಮಗಳ ಜೊತೆ ಕೂರಕ್ಕೆ ಆಗ್ತಿರ್ಲಿಲ್ಲ. ಆದ್ರೆ ನೀವು ಆ ಕಟ್ಟೆ ಮೇಲೆ ಒಬ್ರೇ ನಿಂತ್ಕೊಂಡು ಯಾರ್ಯಾರು ಇದ್ದೀರಿ, ಯಾರ್ಯಾರು ಇದ್ದೀರಿ ಅಂತ ಕೂಗ್ತಿದ್ರಲ್ಲ, ಅದನ್ ಕಂಡು ಮನಸ್ ಬರ್ಲಿಲ್ಲ. ಪಾಪ ಅನ್ನಿಸ್ತಿತ್ತು. ಈಗ ಬಿಡಿ, ಯೋಚ್ನೆ ಇಲ್ಲ. ಹೊಸಬರು ಹನ್ನೊಂದ್ ಜನ ಬಂದವ್ರೆ. ಇನ್ನ ನಾನ್ ಇಲ್ದಿದ್ರೂ ನಿಮ್ಗೆ ಜನ ಅವ್ರೆ.”

ಮಾತು ಚನ್ನೇಶನ ನಾಲಗೆಯ ತುದಿಯಲ್ಲಿತ್ತು. ಹನ್ನೊಂದೂ ನಾನೇ ಎಂದರೆ ಇವಳು ಆಟ ಬಿಡುವುದಿಲ್ಲ, ಬಿಡಲಾರಳು. ಅಂಥ ಹೆಂಗಸೇ ಅಲ್ಲ. ಪ್ರತಿ ಭಾನುವಾರ ಬರುತ್ತಾಳೆ, ಊಟ ಆಯಿತೇ ಎಂದು ಕೇಳುತ್ತಾಳೆ. ಆದರೆ ಇನ್ನು ಮೇಲೆ ಅವಳ ಪ್ರತಿ ‘ಇದ್ದೀನಿ’ಯ ಹಿಂದೆ ಅಯ್ಯೋ ಪಾಪ ಎಂಬುದೂ ಇರುತ್ತದೆ, ಮಗಳು ಅಲ್ಲಿ ಒಬ್ಬಳೇ ಕೂತಿರುತ್ತಾಳೆ. ಅವನು ನುಂಗಿಕೊಂಡ.

ಅವಳು ಒಳಗೆ ಹೋಗಿ, ಫ್ಯಾಟ್ ಬರೆಯುವ ಪುಸ್ತಕದಿಂದ ಹರಿದ ಒಂದು ಹಾಳೆ ತಂದಳು. ಹತ್ತು ಗೊಂಬೆಗಳ ಹೆಸರು, ಎದುರಿಗೆ ಪಾಸ್‌ವರ್ಡು, ದುಂಡನೆಯ ಅಕ್ಷರದಲ್ಲಿ. ಮೊದಲನೆಯದು ಗಟ್ಟಿಮೊಸರು.

“ಸ್ಟಾಫ್ ಬೇರೆಯವ್ರ ಗೊಂಬೆ ಇಟ್ಕೋಬಾರ್ದು ಅಂತ ರೂಲ್ಸ್ ಐತಲ್ಲ, ನೀವ್ ಇಟ್ಕೋಬೇಡಿ. ಜಗ್ಗಂಗೆ ಕೊಟ್ಬಿಡಿ. ಒಳ್ಳೇ ಹುಡ್ಗ ಕಣ್ರೀ, ಜೋಪಾನ್ವಾಗಿ ನೋಡ್ಕೊತಾನೆ” ಎಂದಳು. ಹಾಳೆ ಅವನ ಕೈಗಿಡುತ್ತ, “ಅವನನ್ನ ಮನೇಲಿ ಯಾರೂ ಮಾತಾಡ್ಸಲ್ವಂತೆ ಸರ್. ನಂಗೆ ಅದೊಂದೇ ಚಿಂತೆ. ನೀವ್ ಆವಾಗಾವಾಗ ವಿಚಾರಿಸ್ಕೊಳಿ” ಎಂದಳು.

“ಆಗಲಿ, ನೋಡ್ಕೊತೀನಿ” ಎಂದ ಚನ್ನೇಶ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಹೊರಗೆ ಹಾಲಿನ ಪಾತ್ರೆ ಹಿಡಿದವರು ಸಾಲು ನಿಲ್ಲಲು ಶುರುಮಾಡಿದ್ದರು. ಅವಳು ತನ್ನ ಕೆಲಸಕ್ಕೆ ಹೋದಳು, ಅವನು ಬಸ್ಸಿಗೆ ಹೋದ.

ಮುಂದಿನ ಭಾನುವಾರ ಗಟ್ಟಿಮೊಸರು ಕೊನೆಯ ಬಾರಿಗೆ ಬಂದು, ಹಾಜರಿಯಾದ ಮೇಲೆ ಎಲ್ಲರಿಗೂ ಹೋಗಿಬರುತ್ತೇನೆಂದು ಬರೆಯಿತು. ಹನ್ನೊಂದು ಜನರಲ್ಲಿ ಒಬ್ಬರಾದರೂ ಸುಮ್ಮನಿದ್ದರೆ ಅವಳಿಗೆ ಬೇಜಾರಾಗುತ್ತದಲ್ಲ ಎಂದು ಚನ್ನೇಶ ಮೇಜಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಫೋನು ಎತ್ತಿಕೊಂಡ. ಗೊಣಗುವ ಹೆಂಗಸಿನಿಂದ ಹೋಗುವುದಾದರೆ ಬಂದದ್ದೇಕೆ ಎಂದು ಗೊಣಗಿಸಿದ. ಮೇಷ್ಟ್ರಿಂದ ಆಶೀರ್ವಾದ ಮಾಡಿಸಿದ. ಹೀಗೆ ಹತ್ತು ಥರದ ಬೀಳ್ಕೊಡುಗೆ ಬರೆದು ಮುಗಿಸಿದ. ಜಗ್ಗನ ಫೋನನ್ನು ಕೊನೆಗೆ ಎತ್ತಿಕೊಂಡು, ‘ಹೋಗಬೇಡ ಅಕ್ಕ’ ಎಂದು ಬರೆದ, ಅಳಿಸಿದ. ‘ಹೋಗ್ ಬಾ ಅಕ್ಕ, ಇಲ್ಲಿ ನಾವ್ ಎಲ್ಲಾ ಇದೀವಿ’ ಎಂದು ಜಗ್ಗನ ಕಾಗುಣಿತದಲ್ಲಿ ಬರೆದು ಕಳಿಸಿದ. ‘ಹೊತ್ತೊತ್ತಿಗೆ ಊಟ ಮಾಡೋ’ ಎಂದು ಬಂತು ಉತ್ತರ. ಆಮೇಲೆ ಅವಳು ಹೊರಟುಹೋದಳು.

ಅದರ ಮರುವಾರ ಮೇಜು ಸಾಲದೆ ಗಾಜಿನ ಪೆಟ್ಟಿಗೆಯ ಮೇಲೂ ಫೋನುಗಳನ್ನು ಜೋಡಿಸಬೇಕಾಯಿತು. ನಾಲ್ಕಕ್ಕೆ ಸರಿಯಾಗಿ ಹಸಿರು ಪೇಟದ ಗೊಂಬೆ ಕಟ್ಟೆ ಹತ್ತಿ, ಯಾರ್ಯಾರು ಇದ್ದೀರಿ ಎಂದು ಕೇಳಿತು. ಚನ್ನೇಶ ಫೋನಿನಿಂದ ಫೋನಿಗೆ ಹೋಗುತ್ತ ‘ಇದ್ದೀನಿ’ ಒತ್ತಿದ. ತನ್ನ ಹನ್ನೊಂದು ಮುಗಿಯಿತು. ಹಗರೆಯ ಮಕ್ಕಳ ಒಂಬತ್ತೂ ಮುಗಿಯಿತು. ನಾಲ್ಕು ನಿಮಿಷವಾಗಿತ್ತು. ಉಳಿದದ್ದು ಗಟ್ಟಿಮೊಸರು. ಆ ಫೋನನ್ನು ಕೈಗೆತ್ತಿಕೊಂಡು ಹೆಸರನ್ನೇ ನೋಡುತ್ತ ನಿಂತ. ಇಪ್ಪತ್ತು ಸಲ ಬರೆದ ಮಾತನ್ನು ಇಪ್ಪತ್ತೊಂದನೆಯ ಸಲ ಬರೆಯಲು ಕೈ ಏಳಲಿಲ್ಲ. ಅವಳು ಇರಲಿಲ್ಲ, ಇದ್ದಾಳೆಂದು ಬರೆಯುವುದು ಅವನಿಂದಾಗಲಿಲ್ಲ. ಫೋನನ್ನು ಮೆಲ್ಲಗೆ ಕೆಳಗಿಟ್ಟ.

ಅದು ಬೇಕಾಗಿಯೂ ಇರಲಿಲ್ಲ. ಹಾಜರಿ ಇಪ್ಪತ್ತಾಗಿ ಹಸಿರು ದೀಪ ಆಗಲೇ ಹೊತ್ತಿತ್ತು, ಅಂಗಳ ಉಳಿದಿತ್ತು. ಸೂತ್ರಧಾರ ಮೊದಲನೆಯ ಪ್ರಶ್ನೆ ಕೇಳಿದ. ಕೇಳಿ, ಉತ್ತರ ಹೇಳಲು ಯಾವ ಫೋನನ್ನು ಎತ್ತಿಕೊಳ್ಳಲಿ ಎಂದು ಯೋಚಿಸುತ್ತ ಚನ್ನೇಶ ಬಹಳ ಹೊತ್ತು ಕೂತಿದ್ದ.